ದಾರದ ಆ ತುದಿ

ದೆವ್ವ, ಗಾಳಿ, ಸತ್ತವರು ಬಂದು ಹೋದರು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ನಾಟಕದವರ ನಡುವೆ ಬೆಳೆದವನಿಗೆ ಇಂಥ ಕಥೆಗಳಿಗೇನೂ ಬರವಿಲ್ಲ. ಯಾವುದೋ ಊರಿನಲ್ಲಿ ಸತ್ತುಹೋದ ದುರ್ಯೋಧನನ ಪಾತ್ರಧಾರಿ ಬಣ್ಣದ ಕೋಣೆಗೆ ಬಂದು ತನ್ನ ಗದೆ ಎಲ್ಲಿ ಎಂದು ಕೇಳಿದನಂತೆ. ಇನ್ನೆಲ್ಲೋ ಮುಚ್ಚಿಟ್ಟ ಹಾರ್ಮೋನಿಯಂ ತಾನಾಗಿಯೇ ನುಡಿಯಿತಂತೆ. ಹೇಳುವವರ ಬಾಯಿಯ ವಾಸನೆ ಹಿಡಿದರೆ ಅರ್ಧ ಕಥೆ ಎಲ್ಲಿಂದ ಬಂತೆಂದು ಅಲ್ಲೇ ಗೊತ್ತಾಗುತ್ತಿತ್ತು. ಅಂಥವರನ್ನು ನಾನು ಎದುರಿಗೇ ಆಡಿಕೊಂಡು ನಕ್ಕಿದ್ದೇನೆ.

ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ಆದರೆ ನನ್ನದು ಅಮಾವಾಸ್ಯೆ ಕತ್ತಲಿನ ಕಥೆಯಲ್ಲ. ಮಟಮಟ ಮಧ್ಯಾಹ್ನ, ಹೆಂಚಿನ ಶೆಡ್ಡಿನಲ್ಲಿ, ಹೊರಗೆ ಲಾರಿಗಳು ಓಡಾಡುತ್ತಿದ್ದಾಗ ನಡೆದದ್ದು. ನಾನು ಕುಡಿದಿರಲಿಲ್ಲ, ಜ್ವರ ಬಂದಿರಲಿಲ್ಲ, ಹೆದರಿರಲೂ ಇಲ್ಲ. ನನಗಿದ್ದದ್ದು ಕೋಪ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಗಂಗಪ್ಪ ಮೇಷ್ಟ್ರು ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದರು. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ, ಆದರೂ ಊರಿಗೆಲ್ಲ ಮೇಷ್ಟ್ರು. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಪರದೆಗಳನ್ನು ಬಾಡಿಗೆಗೆ ತರುತ್ತಾರೆ. ಅರಮನೆಗೆ ಒಂದು, ಕಾಡಿಗೆ ಒಂದು, ಬೀದಿಗೆ ಒಂದು. ಹೀಗೆ ಬಾಡಿಗೆಗೆ ಕೊಡುವ ಬಸಣ್ಣ ಎಂಬ ಸಾಹುಕಾರರ ಶೆಡ್ಡಿನಲ್ಲಿ ಮೇಷ್ಟ್ರು ಬಹಳ ವರ್ಷ ಕೆಲಸ ಮಾಡಿದರು. ಸುತ್ತಲ ಹಳ್ಳಿಗಳ ಕೌರವರೂ ಪಾಂಡವರೂ ಇವರು ಬರೆದ ಕಂಬಗಳ ಮುಂದೆಯೇ ನಿಂತು ಕೂಗಾಡುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮೂರಿನವರ ದಡ್ಡತನದಿಂದ. ನಮ್ಮದು ಸಿ.ಎಸ್. ಪುರದ ಹತ್ತಿರದ ಹಳ್ಳಿ. ನಾಟಕ ಮುಗಿದ ಬೆಳಿಗ್ಗೆ, ನಿದ್ದೆಗಣ್ಣಿನಲ್ಲಿದ್ದ ನಮ್ಮವರು ಪರದೆಯನ್ನು ಬೊಂಬಿಗೆ ಸುತ್ತುವ ಬದಲು ಜಮಖಾನದಂತೆ ನೀಟಾಗಿ ಮಡಚಿ ಇಟ್ಟರು. ಮಡಚಿದ ಕಡೆಯಲ್ಲೆಲ್ಲ ಬಣ್ಣ ಹಪ್ಪಳದಂತೆ ಮುರಿದು ಉದುರಿತು. ಈಗ ಅದನ್ನು ಹಿಂದಕ್ಕೆ ಕೊಟ್ಟು ಬೈಸಿಕೊಂಡು ಬರುವವರು ಯಾರು? ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಆರಿಸಿದರು. ದಿನಾ ಬೈಸಿಕೊಂಡು ಅಭ್ಯಾಸವಿದೆ, ಇವನಿಗೇನೂ ಆಗುವುದಿಲ್ಲ ಎಂಬ ಲೆಕ್ಕಾಚಾರ.

ಮೇಷ್ಟ್ರು ಪರದೆ ಬಿಚ್ಚಿ ನೋಡಿದರು. ಬಾಯಿತುಂಬ ಎಲೆ ಅಡಿಕೆ ಇದ್ದದ್ದರಿಂದ ಆಗಲೇ ಬೈಯಲಿಲ್ಲ. ಹೊರಗೆ ಹೋಗಿ ಉಗಿದು ಬಂದು, "ಇದೇನ್ ನಿಮ್ಮಪ್ಪನ ಪಂಚೆ ಏನ್ಲಾ, ಮಡಚಿಡಕ್ಕೆ?" ಎಂದರು. ಆಮೇಲೆ ಕೈಗೊಂದು ಕುಂಚ ಕೊಟ್ಟು, ಉದುರಿದ ಕಡೆಯೆಲ್ಲ ಬಣ್ಣ ಹಚ್ಚಿ ಮುಗಿಯುವವರೆಗೆ ಏಳಕೂಡದೆಂದರು. ಸಂಜೆ ಅವರ ಮನೆಯಿಂದ ಅವರ ಹೆಂಡತಿ ಸಿದ್ದಮ್ಮ ಮುದ್ದೆ, ಉಪ್ಸಾರು ಕಳಿಸಿದರು. ಮರುದಿನವೂ ಹೋದೆ. ಅದರ ಮರುದಿನವೂ ಹೋದೆ. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಅಲ್ಲಿ ಕಲಿತದ್ದನ್ನೆಲ್ಲ ಬರೆಯುತ್ತ ಹೋದರೆ ಈ ಲೇಖನ ಮುಗಿಯುವುದಿಲ್ಲ. ಹುಣಸೆ ಬೀಜದ ಸರಿ ಎಂಬ ಅಂಟು ಕಾಯಿಸುವುದು, ಪುಡಿ ಬಣ್ಣ ಕಲಸುವುದು, ದೂರದಲ್ಲಿ ಕೂತವನಿಗೆ ಕಂಬ ದುಂಡಗೆ ಕಾಣುವಂತೆ ನೆರಳು ಕೊಡುವುದು, ಎಲ್ಲವೂ ಅವರದೇ. ಇವತ್ತು ತುಮಕೂರಿನ ಸದಾಶಿವನಗರದಲ್ಲಿ ಸ್ವಂತ ಸೂರಿನಡಿ ಕೂತು ಗೆರೆ ಎಳೆದು ಹೊಟ್ಟೆ ಹೊರೆಯುತ್ತಿದ್ದೇನೆ ಎಂದರೆ ಅದು ಅವರ ಋಣ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಹೊಟ್ಟೆಯೊಳಗಿನ ಉರಿ ಬೇರೆ, ಅದು ದಾರದ್ದು.

ದಾರ ಹೊಡೆಯುವುದನ್ನು ಗಾರೆಯವರ ಹತ್ತಿರ, ಬಡಗಿಗಳ ಹತ್ತಿರ ನೀವೂ ನೋಡಿರುತ್ತೀರಿ. ಇದ್ದಿಲ ಪುಡಿ ಮೆತ್ತಿದ ದಾರವನ್ನು ಈ ತುದಿಯಲ್ಲೊಬ್ಬ ಆ ತುದಿಯಲ್ಲೊಬ್ಬ ಬಿಗಿಯಾಗಿ ಹಿಡಿಯುತ್ತಾರೆ. ಒಬ್ಬ ದಾರವನ್ನು ಮೀಟಿ ಬಿಟ್ಟರೆ ಬಟ್ಟೆಯ ಮೇಲೆ ನೆಟ್ಟಗೆ ಗೆರೆ ಬೀಳುತ್ತದೆ. ಪರದೆಯ ಉದ್ದನೆಯ ಗೆರೆಗಳೆಲ್ಲ ಹೀಗೇ ಬೀಳಬೇಕು. ಅಳತೆ ಇಟ್ಟು ಹಾಕೋಣವೆಂದರೆ ಆಗುವುದಿಲ್ಲ, ಹುಣಸೆ ಸರಿ ಹಚ್ಚಿದ ಮೇಲೆ ಬಟ್ಟೆ ಒಂದು ಕಡೆ ಎಳೆದುಕೊಂಡು ಅಂಚು ಸೊಟ್ಟಗಾಗಿರುತ್ತದೆ. ಕಣ್ಣಳತೆಯೇ ಗತಿ.

ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಟ್ಟೆಯ ಮೇಲೆ ಬಗ್ಗಿದವರು ಬಾಯಿ ಬಿಡುವಂತಿಲ್ಲ, ಒಂದು ಹನಿ ಬಿದ್ದರೂ ಕೆಲಸ ಕೆಟ್ಟಿತು. ಅದಕ್ಕೇ ಮೇಷ್ಟ್ರು ದಾರದಲ್ಲೇ ಮಾತಾಡುತ್ತಿದ್ದರು. ಒಂದು ಸಲ ಜಗ್ಗಿದರೆ ನಾನು ನನ್ನ ತುದಿಯನ್ನು ಪರದೆಯ ಮೇಲ್ಗಡೆಗೆ, ಅಂದರೆ ಆಕಾಶದ ಕಡೆಗೆ ಸರಿಸಬೇಕು. ಎರಡು ಸಲ ಜಗ್ಗಿದರೆ ನೆಲದ ಕಡೆಗೆ. ಹಾಗೇ ಬಿಗಿ ಹಿಡಿದರೆ ಸರಿಯಾಗಿದೆ, ಅಲ್ಲಾಡಬೇಡ ಎಂದರ್ಥ. ಜಗ್ಗುವವರು ಯಾವಾಗಲೂ ಅವರು, ಹಿಡಿದುಕೊಂಡು ಕೂರುವವನು ಯಾವಾಗಲೂ ನಾನು. ವರ್ಷಗಳು ಕಳೆದರೂ, ನಾನೇ ಇಡೀ ಕಾಡಿನ ಪರದೆ ಬರೆಯುವಷ್ಟಾದರೂ, ಹೊಡೆಯುವ ತುದಿಯನ್ನು ಒಂದು ದಿನವೂ ನನ್ನ ಕೈಗೆ ಕೊಡಲಿಲ್ಲ.

ಒಮ್ಮೆ ಕೇಳಿಯೇ ಬಿಟ್ಟೆ. ಅವರು ನಿಧಾನವಾಗಿ ಎದ್ದು ಹೋಗಿ ಉಗಿದು ಬಂದರು.

"ಹೊಡೆಯೋದು ಯಾವನಾದ್ರೂ ಹೊಡೀತಾನೆ ಕಣೋ. ಹಿಡ್ಕಂಡಿರೋನ್ ಕೈ ನಡುಗ್ಬಾರ್ದು. ಸುಮ್ನೆ ಹಿಡ್ಕೋ" ಎಂದರು.

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಒಂದು ಸಲವಾದರೂ ಚೆನ್ನಾಗಿ ಮಾಡಿದೀಯ ಎಂದಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಕೊನೆಗೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿದಾಗ ಹೊರಟುಬಿಟ್ಟೆ. ಹೇಳಲು ಹೋದಾಗ ಅವರು ತಲೆ ಎತ್ತದೆ, "ಹೋಗು, ಅಲ್ಲಿ ಯಾರೂ ದಾರ ಹಿಡ್ಕೋ ಅನ್ನಲ್ಲ" ಎಂದರು. ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು. ಆಮೇಲೆ ಹಬ್ಬ ಹುಣ್ಣಿಮೆಗೆ ಹೋಗಿ ಕಾಲಿಗೆ ಬೀಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಸಿದ್ದಮ್ಮ ಊಟ ಹಾಕುತ್ತಿದ್ದರು, ಅಷ್ಟೇ.

ಎಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ಮೇಷ್ಟ್ರು ಹೋದರು. ಕೆಲಸ ಮಾಡುತ್ತ ಮಾಡುತ್ತ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಸುದ್ದಿ ಹಿರೇಹಳ್ಳಿಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಮುಖ ನೋಡಲೂ ಸಿಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು?

ತೀರಿಸಿಕೊಳ್ಳಲು ತಕ್ಕವರು ಕೆಲವು ದಿನಗಳಲ್ಲೇ ಸಿಕ್ಕಿದರು. ಒಂದು ಬೆಳಿಗ್ಗೆ ತುಮಕೂರಿನ ಕಲಾ ಸಂಘದವರು, ಅಧಿಕಾರಿಗಳು ಸೇರಿ ಅವರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಮೇಷ್ಟ್ರದೊಂದು ಫೋಟೋ ಇರಲಿಲ್ಲವೆಂದು ಯಾವುದೋ ಗುಂಪಿನ ಫೋಟೋದಿಂದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಭುಜದ ಮೇಲೆ ಯಾರದೋ ಉಂಗುರದ ಕೈ ಹಾಗೇ ಉಳಿದಿತ್ತು. ವೇದಿಕೆ ಮೇಲೆ ಕೂತವರು ಒಬ್ಬರಾದ ಮೇಲೊಬ್ಬರು ಕಲಾತಪಸ್ವಿ ಎಂದರು, ತುಂಬಲಾರದ ನಷ್ಟ ಎಂದರು. ಒಬ್ಬ ಮಹನೀಯರು ಅವರ ಹೆಸರನ್ನೇ ಗಂಗಯ್ಯ ಎಂದು ಹೇಳಿ ಮುಗಿಸಿದರು. ಮೇಷ್ಟ್ರು ಬದುಕಿದ್ದಾಗ ಮಾಸಾಶನಕ್ಕೆಂದು ಇವರ ಆಫೀಸುಗಳ ಬಾಗಿಲಲ್ಲಿ ನಿಂತು ಕಾಲು ನೋಯಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೂತ್ಕೊಳ್ಳಿ ಎಂದವರು ಇವರಲ್ಲಿ ಒಬ್ಬರೂ ಇಲ್ಲ.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಕುಣಿಗಲ್ಲಿನ ಮಗಳ ಮನೆಯಿಂದ ಬಸ್ಸು ಹಿಡಿದು ಬಂದಿದ್ದ ಸಿದ್ದಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬ ಬಂದು, "ಅಮ್ಮಾ, ಇದು ಗೆಸ್ಟ್‌ಗಳಿಗೆ, ಸ್ವಲ್ಪ ಹಿಂದೆ ಹೋಗ್ರಮ್ಮ" ಎಂದು ಎಬ್ಬಿಸಿದ. ಯಾರ ಸಾವಿಗೆ ಈ ಸಭೆಯೋ ಅವರ ಹೆಂಡತಿಯನ್ನು. ಆಕೆ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತರು. ನಾನು ಎದ್ದು ಆ ಬ್ಯಾಡ್ಜಿನವನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ನಾಲ್ಕು ಜನ ನನ್ನನ್ನು ಹಿಡಿದುಕೊಂಡು ಹೊರಗೆ ತಂದರು, ಮೈಕಿನಲ್ಲಿ ಕಲಾತಪಸ್ವಿಯ ಮಾತು ಮುಂದುವರಿಯಿತು.

ಹೊರಗೆ ಸಿದ್ದಮ್ಮ ನನ್ನ ಕೈ ಹಿಡಿದುಕೊಂಡರು.

"ಬುಡಪ್ಪ, ಇವ್ರತ್ರ ಏನ್ ಜಗಳ. ನಿಂಗೊಂದ್ ಕೆಲ್ಸ ಐತೆ. ಅವ್ರು ಕೊನೇಗ್ ಬರೀತಿದ್ರಲ್ಲ ಪರ್ದೆ, ಅದುನ್ನ ಬಸಣ್ಣ ನಾಳೆ ಒಗಿಸ್ಬುಡ್ತಾನಂತೆ. ಅರ್ಧಕ್ ನಿಂತಿರೋದುನ್ನ ಯಾರ್ ಬಾಡಿಗೆಗ್ ತಗತಾರೆ ಅಂತಾನೆ. ಇಲ್ ಹಾರ ಹಾಕೋರ್ಗೆ ಅದ್ ಗೊತ್ತೂ ಇಲ್ಲ. ನೀ ಹೋಗ್ ನೋಡಪ್ಪ."

ಈ ಬಣ್ಣ ಅಂಟಿನಲ್ಲಿ ಕಲಸಿದ ಪುಡಿ. ನೀರಿಗೆ ಹಾಕಿ ಒಗೆದರೆ ಅರಮನೆ, ಕಂಬ, ಸಿಂಹಾಸನ ಎಲ್ಲ ಕರಗಿ ಬಟ್ಟೆ ಮತ್ತೆ ಬರೀ ಬಟ್ಟೆ. ಮೇಷ್ಟ್ರ ಕೈಯ ಕೊನೆಯ ಕೆಲಸ ಕೆರೆಯ ಪಾಲಾಗುವುದರಲ್ಲಿತ್ತು. ನಾನು ಸಿಕ್ಕಿದ ಬಸ್ಸು ಹತ್ತಿ ಗುಬ್ಬಿಗೆ ಹೋದೆ.

ಬಸಣ್ಣ ಶೆಡ್ಡಿನ ಬಾಗಿಲಲ್ಲೇ ಇದ್ದರು. ಕೆಟ್ಟ ಮನುಷ್ಯರೇನಲ್ಲ, ವ್ಯಾಪಾರಸ್ಥರು.

"ಕುಣಿಗಲ್ನೋರು ದರ್ಬಾರ್ ಪರ್ದೆ ಬೇಕು ಅಂತ ಕುಂತವ್ರೆ. ನೆಲ ಇಲ್ದಿರೋ ದರ್ಬಾರ್ನ ಹೆಂಗ್ಲಾ ಕೊಡ್ಲಿ? ಕೃಷ್ಣ ಎಲ್ ನಿಂತ್ಕತಾನೆ?" ಎಂದರು.

"ನಾನ್ ಮುಗಿಸ್ಕೊಡ್ತೀನಿ ಸಾವ್ಕಾರ್ರೆ."

"ಇವತ್ ಗೆರೆ ಬಿದ್ರೆ ನಾಳೆ ಬಣ್ಣ ತುಂಬ್ಕೋ, ಬ್ಯಾಡ ಅನ್ನಲ್ಲ. ಗೆರೆ ಬೀಳ್ಲಿಲ್ಲ ಅಂದ್ರೆ ಬೆಳಿಗ್ಗೆ ಒಗ್ಯಕ್ ಹೋಯ್ತದೆ. ಆಳುಗಳೆಲ್ಲ ಸೀನರಿ ಕಟ್ಟಕ್ ಹೋಗವ್ರೆ. ನನ್ ಮಂಡಿ ಬಗ್ಗಲ್ಲ, ದಾರ ಹಿಡ್ಕಳಕ್ ನನ್ನ ಕರೀಬ್ಯಾಡ" ಎಂದು ಊಟಕ್ಕೆ ಮನೆಗೆ ಹೊರಟರು.

ಒಳಗೆ ನೆಲದ ಮೇಲೆ ಪರದೆ ಹಾಸಿತ್ತು. ಕಂಬಗಳು, ಸಿಂಹಾಸನ, ಮೇಲೆ ತೂಗುವ ದೀಪಗಳು ಎಲ್ಲ ಮುಗಿದಿದ್ದವು. ಕೆಳಗೆ ಮೆಟ್ಟಿಲು, ನೆಲಗಟ್ಟು ಬರಬೇಕಾದ ಕಡೆ ಬರೀ ಬಿಳುಪು. ನೆಲದ ಅಡ್ಡಗೆರೆಗಳು ಈ ಅಂಚಿನಿಂದ ಆ ಅಂಚಿನವರೆಗೆ ಬೀಳಬೇಕಿತ್ತು, ಹಿಂದಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗಬೇಕಿತ್ತು. ಇದ್ದಿಲ ಪುಡಿಯ ಡಬ್ಬಿ, ದಾರದ ಉಂಡೆ ಅಲ್ಲೇ ಇದ್ದವು. ಅವರು ಬಿಟ್ಟುಹೋದ ಜಾಗದಲ್ಲೇ.

ನಾನು ಬಾಗಿಲ ಕಡೆಯ ಅಂಚಿನಲ್ಲಿ ಕೂತೆ. ಆ ತುದಿಗೆ ಹೋಗಿ ದಾರದ ಮೇಲೆ ಗುಂಡುಕಲ್ಲೊಂದನ್ನು ಇಟ್ಟು ಬಂದು ಎಳೆದೆ, ಕಲ್ಲಿನಡಿಯಿಂದ ದಾರ ಜಾರಿತು. ಮತ್ತೆ ಹೋಗಿ ಇಟ್ಟೆ. ಈ ಸಲ ಬಿಗಿಯಾಯಿತು, ಮೀಟಿದರೆ ಗೆರೆ ಓರೆಯಾಗಿ ಬಿತ್ತು. ಅದನ್ನು ಬಟ್ಟೆಯಿಂದ ಒರೆಸಿ ಮತ್ತೆ ಎದ್ದು ಹೋದೆ. ಹೀಗೆ ಎಷ್ಟು ಸಲ ಓಡಾಡಿದೆನೋ. ಬೆವರು ಹನಿ ಬೀಳದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಯಿತು. ಒಬ್ಬನೇ ದಾರ ಹೊಡೆಯಲು ಆಗುವುದಿಲ್ಲ. ಆಗುವ ಹಾಗಿದ್ದರೆ ಅವರು ನನ್ನನ್ನು ಅಷ್ಟು ವರ್ಷ ಆ ತುದಿಯಲ್ಲಿ ಯಾಕೆ ಕೂರಿಸುತ್ತಿದ್ದರು?

ಆಗ ನನ್ನ ತಾಳ್ಮೆ ಕೆಟ್ಟಿತು. ಬಾಯಿ ಬಿಟ್ಟು ಬೈಯತೊಡಗಿದೆ. ಸಭೆಯವರನ್ನಲ್ಲ, ಬಸಣ್ಣನನ್ನಲ್ಲ, ಮೇಷ್ಟ್ರನ್ನೇ. ಹೊಡೆಯೋದು ಯಾವನಾದರೂ ಹೊಡೀತಾನೆ ಅಂದಿರಲ್ಲ, ಈಗ ಹಿಡಿದುಕೊಳ್ಳುವವನು ಎಲ್ಲಿ? ಅರ್ಧಕ್ಕೆ ಎದ್ದು ಹೋಗಲು ನಿಮಗೇನು ಅಂಥ ಅವಸರವಿತ್ತು? ಹೀಗೆ ಏನೇನೋ. ಬೈಯುತ್ತಲೇ ದಾರ ಎಳೆದು ಹಿಡಿದೆ. ಆ ತುದಿ ಸ್ವಲ್ಪ ಮೇಲಿದೆ ಅನ್ನಿಸಿತು. ಕೈ ಯೋಚನೆಯನ್ನೇ ಮಾಡದೆ ಎರಡು ಸಲ ಜಗ್ಗಿತು.

ದಾರ ನೆಲದ ಕಡೆಗೆ ಸರಿಯಿತು.

ಕಲ್ಲು ಉರುಳಿರಬೇಕು ಅಂದುಕೊಂಡೆ. ಮೇಲೆ ಗಾಜಿನ ಹೆಂಚಿನ ಬೆಳಕು ಪರದೆಯ ನಡುವೆ ಬಿದ್ದಿತ್ತು, ಅದರಾಚೆಯ ಆ ತುದಿ ಮಬ್ಬಾಗಿತ್ತು. ಈಗ ಸ್ವಲ್ಪ ಹೆಚ್ಚೇ ಕೆಳಗಾಯಿತು ಅನ್ನಿಸಿ ಒಂದು ಸಲ ಜಗ್ಗಿದೆ. ದಾರ ಆಕಾಶದ ಕಡೆಗೆ ಒಂದು ಬೆರಳಷ್ಟು ಸರಿಯಿತು. ಉರುಳಿದ ಕಲ್ಲು ಹಿಂದಕ್ಕೆ ಉರುಳುವುದಿಲ್ಲ. ಬಿಗಿ ಹಿಡಿದೆ. ಆ ಕಡೆಯೂ ಬಿಗಿಯಾಯಿತು. ಕಲ್ಲಿನ ಬಿಗಿಯಲ್ಲ ಅದು. ಕೈಯಲ್ಲಿ ಹಿಡಿದ ದಾರಕ್ಕೆ ಒಂದು ಜೀವ ಇರುತ್ತದೆ, ಹಿಡಿದವರ ಉಸಿರಿನೊಂದಿಗೆ ಚೂರು ಸಡಿಲವಾಗಿ ಚೂರು ಬಿಗಿಯಾಗುತ್ತದೆ. ವರ್ಷಗಟ್ಟಲೆ ದಾರ ಹಿಡಿದವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೀಟಿದೆ. ಗೆರೆ ನೆಟ್ಟಗೆ ಬಿತ್ತು.

ನಾನು ತಲೆ ಎತ್ತಲಿಲ್ಲ. ಬಾಯಿಯೂ ನಿಲ್ಲಲಿಲ್ಲ. ಮುಂದಿನ ಗೆರೆಗೆ ಸರಿದೆ, ಆ ತುದಿಯೂ ಸರಿಯಿತು. ಜಗ್ಗಿದೆ, ಕೇಳಿತು. ನಾನು ಬೈಯುತ್ತ ಹೋದೆ, ಆ ತುದಿ ಒಂದು ಸಲವೂ ಎದುರಾಡದೆ, ನಡುಗದೆ, ಹೇಳಿದ ಕಡೆಗೆ ಸರಿಯುತ್ತ ಹೋಯಿತು. ಹಾಗೆ ನೆಲದ ಗೆರೆಗಳೆಲ್ಲ ಮುಗಿದವು. ಕೊನೆಯ ಗೆರೆ ಬಿದ್ದ ಮೇಲೆ ನನ್ನ ಬೈಗುಳವೂ ಮುಗಿದಿತ್ತು. ಆಗ ಆ ಕಡೆ ದಾರ ಸಡಿಲವಾಗಿ ಬಟ್ಟೆಯ ಮೇಲೆ ಮಲಗಿತು.

ಎದ್ದು ಹೋಗಿ ನೋಡಿದೆ. ಗುಂಡುಕಲ್ಲು ನಾನು ಕೊನೆಯ ಸಲ ಇಟ್ಟ ಜಾಗದಲ್ಲೇ ಇತ್ತು. ದಾರದ ತುದಿ ಅದರಿಂದ ದೂರ, ಕೊನೆಯ ಗೆರೆಯ ಪಕ್ಕದಲ್ಲಿ ಬಿದ್ದಿತ್ತು. ಶೆಡ್ಡಿಗಿದ್ದದ್ದು ಒಂದೇ ಬಾಗಿಲು, ಅದು ನನ್ನ ಬೆನ್ನ ಹಿಂದೆ. ನನ್ನನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ.

ಸಂಜೆ ಬಸಣ್ಣ ಬಂದರು. ಪರದೆಯ ಅಂಚಿನಲ್ಲಿ ನಿಂತು ಗೆರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಶೆಡ್ಡಿನ ಮೂಲೆಗಳ ಕಡೆ ನೋಡಿದರು.

"ಯಾರ್ಲಾ ದಾರ ಹಿಡ್ಕಂಡಿದ್ದು?"

"ಯಾರೂ ಇರ್ಲಿಲ್ಲ ಸಾವ್ಕಾರ್ರೆ."

"ಸುಳ್ ಬೊಗಳ್ಬೇಡ" ಎಂದರು. ಆದರೆ ಮತ್ತೆ ಕೇಳಲಿಲ್ಲ. ಮರುದಿನ ನಾನು ಬಣ್ಣ ತುಂಬಿ ಮುಗಿಸುವವರೆಗೆ ಬಾಗಿಲ ಹೊರಗೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಒಳಗೆ ಕಾಲಿಡಲಿಲ್ಲ.

ಆ ಪರದೆ ಕುಣಿಗಲ್ಲಿಗೆ ಹೋಯಿತು. ಕಟ್ಟುವ ದಿನ ನಾನೂ ಹೋಗಿದ್ದೆ, ಸಿದ್ದಮ್ಮನನ್ನು ಮಗಳ ಮನೆಯಿಂದ ಕರೆದುಕೊಂಡು ಬಂದೆ. ಇಳಿಬಿಸಿಲಿನಲ್ಲಿ ಪರದೆ ಬಿಚ್ಚಿಕೊಂಡಿತು. ಕಂಬಗಳು ಮೇಷ್ಟ್ರವು, ನೆಲ ನನ್ನದು, ನಡುವೆ ಎಲ್ಲಿ ಕೈ ಬದಲಾಯಿತೆಂದು ನನಗೇ ಗೊತ್ತಾಗಲಿಲ್ಲ. ಆಕೆಗಾಗಿ ಒಂದು ಕುರ್ಚಿ ಕೇಳಿ ತಂದು, ಎಲ್ಲರಿಗಿಂತ ಮುಂದೆ ಹಾಕಿ ಕೂರಿಸಿದೆ. ಯಾವ ಬ್ಯಾಡ್ಜಿನವನಾದರೂ ಬರಲಿ ನೋಡೋಣ ಎಂದು ಪಕ್ಕದಲ್ಲೇ ನಿಂತಿದ್ದೆ. ಆಗ ಸಿದ್ದಮ್ಮನಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ, ಇಲ್ಲವೇ ಅಳುತ್ತಾರೆ ಅಂದುಕೊಂಡಿದ್ದೆ.

ಆಕೆಗೆ ಸಿಟ್ಟು ಬಂತು.

"ದಾರ ಹಿಡ್ಕಂಡ್ರಾ? ಅವ್ರಾ?" ಎಂದರು. ಪರದೆಯನ್ನೇ ದುರುಗುಟ್ಟಿ ನೋಡಿದರು. "ನಾನ್ ತುಂಬಿದ್ ಬಿಂದಿಗೆ ಹೊತ್ಕಂಡ್ ಬಾಗ್ಲಲ್ ನಿಂತಿದ್ರೂ ಒಂದ್ ದಿನ ಕೈ ಚಾಚಿ ಹಿಡ್ಕಂಡೋರಲ್ಲಪ್ಪ ಆ ಮನುಷ್ಯ. ಮೂರ್ ಮಕ್ಳುನ್ನ ಒಬ್ಳೇ ಸಾಕ್ದೆ, ಒಂದುನ್ನೂ ಎತ್ತಿ ಹಿಡ್ಕಳ್ಲಿಲ್ಲ. ನಿಂಗ್ ಬಂದ್ ದಾರ ಹಿಡ್ಕಂಡ್ರಾ?"

ನಾಟಕದವರು ದೀಪ ಕಟ್ಟಲು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡು, "ನೆಲ ಚೆಂದಾಗೈತೆ ಕಣಪ್ಪ" ಎಂದರು. ಮೇಷ್ಟ್ರ ಮನೆಯಿಂದ ನನಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ಆಮೇಲೆ ಹಿರೇಹಳ್ಳಿ ಬಿಟ್ಟು ಈ ಕೆಲಸಕ್ಕೇ ವಾಪಸು ಬಂದೆ. ಎಷ್ಟೋ ಪರದೆ, ಎಷ್ಟೋ ಬೋರ್ಡು ಬರೆದಿದ್ದೇನೆ. ಓದಿದವರೊಬ್ಬರು ಇದನ್ನು ಕೇಳಿ, ಬಿಸಿಲಿಗೆ ಬಟ್ಟೆ ಎಳೆದುಕೊಂಡು ದಾರ ಸರಿದಿರಬೇಕು, ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತದೆ ಎಂದರು. ಇರಬಹುದು. ನನಗೆ ಬೇರೆ ವಿವರಣೆ ಗೊತ್ತಿಲ್ಲ, ಅವರದನ್ನು ನಂಬಲೂ ಆಗುವುದಿಲ್ಲ. ದೆವ್ವವನ್ನು ಕಂಡೆ ಎನ್ನುವವರನ್ನು ಈಗಲೂ ನಾನು ನಂಬುವುದಿಲ್ಲ. ನಾನಂತೂ ಯಾರನ್ನೂ ಕಾಣಲಿಲ್ಲ. ದಾರದ ಆ ತುದಿಯನ್ನು ಯಾರೋ ಹಿಡಿದುಕೊಂಡಿದ್ದರು ಎಂದಷ್ಟೇ ಹೇಳಬಲ್ಲೆ.

ಈಗಲೂ ಒಮ್ಮೊಮ್ಮೆ ಒಬ್ಬನೇ ಕೆಲಸ ಮಾಡುವಾಗ ದಾರವನ್ನು ಆ ಕಡೆ ಮೊಳೆಗೆ ಕಟ್ಟಿ ಬಂದು, ಗೆರೆ ಸರಿಯಾಗಿದ್ದರೂ ಬೇಕೆಂದೇ ಎರಡು ಸಲ ಜಗ್ಗುತ್ತೇನೆ. ಮೊಳೆ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತು ಕಾದು, ಮತ್ತೊಂದು ಸಲ ಜಗ್ಗಿ ನೋಡಿ, ಸುಮ್ಮನೆ ಮೀಟುತ್ತೇನೆ. ಆಗ ಹಳೆಯ ಸಿಟ್ಟು ಮತ್ತೆ ಬರುತ್ತದೆ. ಬದುಕಿದ್ದಾಗ ಒಂದು ದಿನ, ಒಂದೇ ಒಂದು ಗೆರೆಗೆ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡೇ ಆಗಲಿ, ಆ ತುದಿಗೆ ಹೋಗಿ ಕೂತಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು?